ಮೇಲಿನಮನೆ ಬಳಗದಲ್ಲಿ ಘಟಶ್ರಾದ್ಧ

ರಘು ಭಾವ ಬೆಳಗ್ಗೆ ಏಳೂಕಾಲಿಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ ಫಾರ್ವರ್ಡ್ ಇದು. ಒಂದಕ್ಷರವನ್ನೂ ತಿದ್ದದೆ ಕೊಡುತ್ತಿದ್ದೇನೆ.

"ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕು!! ನಮ್ಮ ಘಟಶ್ರಾದ್ಧ ಸಿನಿಮಾ ಇಟಲಿಯಲ್ಲಿ ಪ್ರಪಂಚದ ಎಲ್ಲ ದೇಶಗಳ ಸಿನಿಮಾಗಳನ್ನು ಸೋಲಿಸಿ ನಂಬರ್ ಒನ್ ಎಂದು ಘೋಷಣೆ ಆಗಿದೆ. ಟಿವಿಯವರು ಇದನ್ನು ತೋರಿಸುವುದಿಲ್ಲ. ನಮ್ಮ ಮಕ್ಕಳು ಮಾತ್ರ ಕೊರಿಯಾ ಸೀರಿಯಲ್ ನೋಡಿ ಹಾಳಾಗುತ್ತಿದ್ದಾರೆ. ಇಂಥ 100 ಅಪರೂಪದ ವಿಶ್ವ ಸಿನಿಮಾಗಳು ಈಗ ಮನೆಯಲ್ಲೇ ಉಚಿತ. ಕೆಳಗಿನ ಲಿಂಕ್ ಒತ್ತಿ. ಡಿಲೀಟ್ ಆಗುವ ಮುಂಚೆ ಹತ್ತು ಜನಕ್ಕೆ ಕಳಿಸಿ."

ಅವತ್ತು ಶ್ಯಾಮಲತ್ತೆಯ ಮದುವೆಯ ವಾರ್ಷಿಕೋತ್ಸವ. ಗುಂಪಿನಲ್ಲಿ ಅದಾಗಲೇ ಹೂಗುಚ್ಛ, ಕೇಕು, ಕುಣಿಯುವ ಕರಡಿ ಎಲ್ಲ ಬಂದಿದ್ದವು. ಅದರ ಕೆಳಗೆ ಇದು. ಸರೋಜ ಚಿಕ್ಕಮ್ಮ ಕನ್ನಡಕ ಹಾಕದೆ ನೋಡಿದರು ಅಂತ ಕಾಣುತ್ತದೆ. ಅವರಿಗೆ ಕಂಡದ್ದು ಒಂದೇ ಪದ.

ಸರೋಜ ಚಿಕ್ಕಮ್ಮ: ಅಯ್ಯೋ ದೇವರೇ. ಓಂ ಶಾಂತಿ. ಯಾರು? ಯಾವಾಗ?

ಆಮೇಲೆ ಕೇಳಬೇಕೇ. ದುಬೈನ ಗಿರೀಶ ಓಂ ಶಾಂತಿ ಅಂದ. ಹುಬ್ಬಳ್ಳಿಯವರು "ಸದ್ಗತಿ ಸಿಗಲಿ" ಅಂದರು. ಯಾರೋ ಒಬ್ಬರು ಎರಡನ್ನೂ ಸೇರಿಸಿ, "ಶ್ಯಾಮಲಕ್ಕನಿಗೆ ಶುಭಾಶಯ, ಓಂ ಶಾಂತಿ" ಎಂದು ಒಂದೇ ಸಾಲಿನಲ್ಲಿ ಮುಗಿಸಿದರು.

ಶ್ಯಾಮಲತ್ತೆ: ನಾನು ಇನ್ನೂ ಇದ್ದೇನೆ ಮಾರಾಯ್ರೇ. ಕಾಫಿ ಕುಡಿಯುತ್ತಿದ್ದೇನೆ.

ಸುಬ್ರಾಯ ದೊಡ್ಡಪ್ಪ ಎದ್ದದ್ದೇ ಆಗ. ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ತರರು. ರಘು ಭಾವ ಅವರ ಸ್ವಂತ ಅಳಿಯ. ಅಳಿಯನಿಗೆ ನೇರವಾಗಿ ಬೈಯುವಂತಿಲ್ಲ. ಹಾಗಾಗಿ ಅವರು ಇಡೀ ಯುವಪೀಳಿಗೆಗೆ ಬೈದರು.

ಸುಬ್ರಾಯ ದೊಡ್ಡಪ್ಪ: ಶುಭದಿನ ಬೆಳಗ್ಗೆ ಎದ್ದು ಏನು ಕಳಿಸಬೇಕು, ಏನು ಕಳಿಸಬಾರದು ಎಂಬ ವಿವೇಕ ಇಂದಿನ ಯುವಕರಿಗೆ ಇಲ್ಲ. ಘಟಶ್ರಾದ್ಧ ಎಂದರೆ ಬದುಕಿರುವವರಿಗೇ ಮಡಕೆ ಒಡೆದು ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುವುದು. ಅರ್ಥ ತಿಳಿದು ಕಳಿಸಬೇಕು.

ಆ "ಯುವಕ" ರಘು ಭಾವನಿಗೆ ಐವತ್ತೆಂಟು.

ಪ್ರಸನ್ನ: ಭಾವ, ಮೂಲ ಎಲ್ಲಿದೆ? ಯಾವ ಪತ್ರಿಕೆ? ಯಾವ ದಿನಾಂಕ?

ಪ್ರಸನ್ನ ಶ್ಯಾಮಲತ್ತೆಯ ಮಗ. ಆಡಿಟ್ ಕೆಲಸ. "ಶುಭೋದಯ" ಕಳಿಸಿದರೂ ರಸೀದಿ ಕೇಳುವ ಪೈಕಿ.

ರಘು ಭಾವ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ದೊಡ್ಡ ದೊಡ್ಡ ಹುದ್ದೆಯಲ್ಲಿ ಇದ್ದವರು ಇರುವ ಗುಂಪು ಅದು. ಕನ್ನಡಕ್ಕೆ ಹೆಮ್ಮೆ ಬಂದರೆ ನಿನಗೆ ಯಾಕೆ ಹೊಟ್ಟೆನೋವು?

ಪ್ರಸನ್ನ: ಹೆಮ್ಮೆ ಪಡುವುದಕ್ಕೆ ನಿಜವೇ ಸಾಕು ಭಾವ, ಸುಳ್ಳು ಯಾಕೆ? ಘಟಶ್ರಾದ್ಧ 1977ರದ್ದು. ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಕಥೆ ಅನಂತಮೂರ್ತಿಯವರದ್ದು. ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಆಗಲೇ ಬಂದಿದೆ. 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದೂ ನಿಜ. ಆದರೆ ಅದು ಮುಖ್ಯ ಸ್ಪರ್ಧೆಯಲ್ಲ, ಹಳೆಯ ಸಿನಿಮಾಗಳನ್ನು ಸರಿಪಡಿಸಿ ತೋರಿಸುವ ಕ್ಲಾಸಿಕ್ಸ್ ವಿಭಾಗ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಸ್ಕಾರ್ಸೆಸಿಯವರ ಸಂಸ್ಥೆ ಸೇರಿ ಆ ಹಳೇ ಪ್ರತಿಯನ್ನು ಉಳಿಸಿದರು. ಯಾರನ್ನೂ ಸೋಲಿಸಿಲ್ಲ.

ಇಷ್ಟು ಚೆಂದದ ವಿಷಯ. ಒಬ್ಬರಾದರೂ "ಹೌದಾ?" ಅನ್ನಬಹುದಿತ್ತು. ಬಂದ ಉತ್ತರ ಇದು:

ರಘು ಭಾವ: ನಮ್ಮ ಗೃಹಪ್ರವೇಶದ ಆಮಂತ್ರಣದಲ್ಲಿ ತಪ್ಪು ಹುಡುಕಿ, ಕೆಂಪು ಗೀಟು ಹಾಕಿ, ಇದೇ ಗುಂಪಿಗೆ ಕಳಿಸಿದವನು ನೀನು. ಮರೆತಿಲ್ಲ.

ಪ್ರಸನ್ನ: "ಗ್ರಹಪ್ರವೇಶ" ಅಂತ ಅಚ್ಚಾಗಿತ್ತು ಭಾವ. ಶನಿಯೋ ರಾಹುವೋ ಬರುತ್ತಾರೆ ಅಂತ ಜನ ತಿಳಿದುಕೊಳ್ಳುತ್ತಿದ್ದರು.

ಸರೋಜ ಚಿಕ್ಕಮ್ಮ: ಲಿಂಕ್ ಒತ್ತಿದೆ. ಸಿನಿಮಾ ಬರಲಿಲ್ಲ. ಐದು ಲಕ್ಷ ಸಾಲ ಬೇಕಾ ಅಂತ ಕೇಳುತ್ತಿದೆ. ಓಟಿಪಿ ಹಾಕಲಾ?

ಈ ಒಂದು ಪ್ರಶ್ನೆಗೆ ಮಾತ್ರ ಬಳಗ ಒಗ್ಗಟ್ಟಾಯಿತು. ಒಂದೇ ನಿಮಿಷದಲ್ಲಿ ಹನ್ನೊಂದು "ಬೇಡ" ಬಂದವು. ಪ್ರಸನ್ನ ಫೋನೇ ಮಾಡಿದನಂತೆ.

ಅಷ್ಟರಲ್ಲಿ ಪುಣೆಯಿಂದ ಮಂಜಣ್ಣ ಬಂದ. ಮಂಜಣ್ಣನಿಗೆ ವಿಷಯ ಯಾವುದಾದರೂ ಒಂದೇ, ಅವನ ಬಂಡಿ 1990ರ ಆಚೆಗೆ ಬರುವುದಿಲ್ಲ.

ಮಂಜಣ್ಣ: ಇಂಥ ಸಿನಿಮಾ ನೋಡಲು ಲಿಂಕ್ ಬೇಕಿತ್ತಾ ಆಗ? ಭಾನುವಾರ ಮಧ್ಯಾಹ್ನ ದೂರದರ್ಶನ. ಪ್ರಶಸ್ತಿ ಬಂದ ಸಿನಿಮಾಗಳು. ಬಂಗಾಳಿ, ಒರಿಯಾ, ಮಲಯಾಳ. ನಾನು ಹೆಂಚಿನ ಮೇಲೆ ನಿಂತು ಆಂಟೆನಾ ತಿರುಗಿಸುವುದು, ಗಿರೀಶ ಕಿಟಕಿಯಲ್ಲಿ ನಿಂತು "ಬಂತು, ಬಂತು, ಅಯ್ಯೋ ಹೋಯ್ತು" ಅನ್ನುವುದು. ಅಜ್ಜಿ ಹಲಸಿನ ಹಪ್ಪಳ ಸುಡುತ್ತಿದ್ದರು. ಆ ಹಪ್ಪಳ ಈಗ ಎಲ್ಲಿ ಸಿಗುತ್ತದೆ?

ಗಿರೀಶ: ಹಪ್ಪಳ ನೆನಪಿದೆ. ಸಿನಿಮಾ ಒಂದೂ ನೆನಪಿಲ್ಲ.

ಮಂಜಣ್ಣ: ವಿಸಿಆರ್ ಬಾಡಿಗೆಗೆ ತಂದು ರೆಕಾರ್ಡ್ ಕೂಡ ಮಾಡುತ್ತಿದ್ದೆವಲ್ಲ!

ಇದನ್ನು ಅವನು ಬರೆಯಬಾರದಿತ್ತು.

ಶ್ಯಾಮಲತ್ತೆ: ನೀನೇ ಬಾಯಿ ಬಿಟ್ಟೆಯಲ್ಲ ಮಂಜು. ಇಷ್ಟು ವರ್ಷ ಕೇಳುತ್ತಿದ್ದೇನೆ, ನಮ್ಮ ಮದುವೆ ಕ್ಯಾಸೆಟ್ ಮೇಲೆ ಸಿನಿಮಾ ಹತ್ತಿಸಿದ್ದು ಯಾರು ಅಂತ.

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. 1989ರಲ್ಲಿ ಅತ್ತೆಯ ಮದುವೆ ಆಯಿತು. ನಮ್ಮ ಮನೆತನದಲ್ಲಿ ಮೊದಲು ವಿಡಿಯೋ ತೆಗೆಸಿದ್ದು ಅದಕ್ಕೇ. ದಿಬ್ಬಣ ಬರುತ್ತದೆ, ಕಾಲು ತೊಳೆಯುತ್ತಾರೆ, ಅಂತರಪಟ ಸರಿಯುತ್ತದೆ. ಇನ್ನೇನು ಧಾರೆ ಎರೆಯಬೇಕು, ಟೇಪು ಗರ್ರ್ ಅನ್ನುತ್ತದೆ. ಮಾವನ ಮುಖ ಹೋಗಿ ಬೇರೆಯದೇ ಏನೋ ಶುರುವಾಗುತ್ತದೆ. ಅತ್ತೆ-ಮಾವನಿಗೆ ನಿಜಕ್ಕೂ ಮದುವೆ ಆಗಿದೆ ಅನ್ನುವುದಕ್ಕೆ ವಿಡಿಯೋ ಸಾಕ್ಷಿ ಇಲ್ಲ.

ಮಂಜಣ್ಣ: ನಾನಲ್ಲ. ಬಟನ್ ಒತ್ತಿದ್ದು ಗಿರೀಶ.

ಗಿರೀಶ: ಕ್ಯಾಸೆಟ್ ಕೊಟ್ಟಿದ್ದು ನೀನು. ಖಾಲಿ ಅಂದಿದ್ದೆ.

ಸರೋಜ ಚಿಕ್ಕಮ್ಮ: ಅದು ಚೋಮನ ದುಡಿ ಅಲ್ವಾ?

ಮಂಜಣ್ಣ: ತಬರನ ಕಥೆ ಇರಬೇಕು. ಚಾರುಹಾಸನ್ ಇದ್ದದ್ದು.

ಪ್ರಸನ್ನ: ತಬರನ ಕಥೆ ಬಣ್ಣದ್ದು. ಇದು ಕಪ್ಪು-ಬಿಳುಪು. ಅಪ್ಪ-ಅಮ್ಮನ ಮದುವೆ ನೋಡಬೇಕು ಅಂತ ಚಿಕ್ಕವನಿದ್ದಾಗ ಎಷ್ಟೋ ಸಲ ಹಾಕಿಕೊಂಡು ಕೂತಿದ್ದೇನೆ. ಜುಟ್ಟು ಬಿಟ್ಟ ಒಬ್ಬ ಹುಡುಗ ಬರುತ್ತಾನೆ. ವೇದ ಕಲಿಯುವ ಮನೆ. ಒಬ್ಬ ಅಕ್ಕ ಇದ್ದಾಳೆ, ಅವಳ ಹಿಂದೆಯೇ ಇರುತ್ತಾನೆ. ಅಲ್ಲಿಂದ ಮುಂದೆ ನೋಡಿಲ್ಲ. ಅಳು ಬರುತ್ತಿತ್ತು, ಮದುವೆ ಹೋಯಿತಲ್ಲ ಅಂತ.

ಅನಘ: ಪ್ರಸನ್ನಣ್ಣ. ಅದೇ ಘಟಶ್ರಾದ್ಧ. ಆ ಹುಡುಗ ನಾಣಿ. ಅಕ್ಕ ಯಮುನಾ.

ಗುಂಪು ಒಂದು ಕ್ಷಣ ಸುಮ್ಮನಾಯಿತು. "ಬರೆಯುತ್ತಿದ್ದಾರೆ" ಅಂತ ಮೂರು ಹೆಸರು ಬಂದು ಮಾಯವಾದವು.

ಸುಬ್ರಾಯ ದೊಡ್ಡಪ್ಪ: ಮಂಗಳಕಾರ್ಯದ ಮೇಲೆ ಶ್ರಾದ್ಧ ಹತ್ತಿಸಿದಿರಲ್ಲೋ!

ಶ್ಯಾಮಲತ್ತೆ: ಅದಕ್ಕೇ ಇವರು ಇಷ್ಟು ವರ್ಷ ಹೀಗೆ.

ಮಾವ ಇದೇ ಗುಂಪಿನಲ್ಲಿದ್ದಾರೆ. ಏನೂ ಹೇಳಲಿಲ್ಲ. ಮೂರು ಗಂಟೆಯ ನಂತರ ಒಂದು ಹೆಬ್ಬೆಟ್ಟು ಒತ್ತಿದರು, ಅಷ್ಟೇ.

ಅನಘ ಮಂಜಣ್ಣನ ಮಗಳು, ಮೈಸೂರಿನಲ್ಲಿ ಓದುತ್ತಿದ್ದಾಳೆ. ಫಾರ್ವರ್ಡಿನ ಕೊರಿಯಾ ಸಾಲು ತನಗೇ ಹೇಳಿದ್ದು ಅಂತ ಅವಳಿಗೆ ಖಾತ್ರಿ. ರಜೆಯಲ್ಲಿ ಶಿವಮೊಗ್ಗದ ರಘು ಭಾವನ ಮನೆಯಲ್ಲಿ ಕೂತು ಕೊರಿಯಾ ಸೀರಿಯಲ್ ನೋಡಿದವಳು ಅವಳೇ.

ಅನಘ: ರಘು ಮಾಮ, ಕೊರಿಯಾದವರು ಏನು ಮಾಡಿದ್ದಾರೆ ಗೊತ್ತಾ? ಅವರ ಸರ್ಕಾರದ ಫಿಲ್ಮ್ ಆರ್ಕೈವ್ ತನ್ನ ಹಳೇ ಸಿನಿಮಾಗಳನ್ನು ಯೂಟ್ಯೂಬಿಗೇ ಹಾಕಿದೆ. 'ಕೊರಿಯನ್ ಕ್ಲಾಸಿಕ್ ಫಿಲ್ಮ್' ಅಂತ ಚಾನೆಲ್. ಇಂಗ್ಲಿಷ್ ಸಬ್‌ಟೈಟಲ್ ಇದೆ. ದುಡ್ಡಿಲ್ಲ, ಓಟಿಪಿ ಇಲ್ಲ. 1960ರ 'ದಿ ಹೌಸ್‌ಮೇಡ್' ಅಲ್ಲೇ ನೋಡಿದೆ. ಮನೆಗೆಲಸದವಳು ಬಂದು ಮನೆಯೇ ಉಲ್ಟಾ ಆಗುವ ಕಥೆ. ರಾತ್ರಿ ನಿದ್ದೆ ಬರಲಿಲ್ಲ. ರಷ್ಯಾದ ಮಾಸ್‌ಫಿಲ್ಮ್ ಸ್ಟುಡಿಯೋದವರೂ ಹಾಗೇ ಹಾಕಿದ್ದಾರೆ. ನೂರು ಸಿನಿಮಾದ ಪಟ್ಟಿ ಯಾರೂ ನೋಡುವುದಿಲ್ಲ. ಒಂದು ಹೇಳುತ್ತೇನೆ, ಒಂದೇ ನೋಡಿ.

ರಘು ಭಾವ: ನಾನು ಕಳಿಸಿದ್ದೂ ಅದನ್ನೇ. ಮನೆಯಲ್ಲೇ ಉಚಿತ ಅಂತ. ಆಗ ಯಾರೂ ಕೇಳಲಿಲ್ಲ.

ಸುಬ್ರಾಯ ದೊಡ್ಡಪ್ಪ: ವಿಶ್ವ ಸಿನಿಮಾ ನಮಗೆ ಹೊಸದಲ್ಲ. ಹೆಗ್ಗೋಡಿನಲ್ಲಿ ನೀನಾಸಂನ ಸುಬ್ಬಣ್ಣನವರು 1973ರಲ್ಲೇ ಇಂಥ ಸಿನಿಮಾ ತೋರಿಸಲು ಚಿತ್ರಸಮಾಜ ಮಾಡಿದ್ದರು. ಅಡಿಕೆ ಸುಲಿಯುವವರು ಪಂಚೆ ಕೊಡವಿಕೊಂಡು ಬಂದು ಜಪಾನಿನ ಕುರೊಸಾವಾನ ಸಿನಿಮಾ ನೋಡಿದ್ದಾರೆ. ಮ್ಯಾಗ್ಸೇಸೆ ಪ್ರಶಸ್ತಿ ಸುಮ್ಮನೆ ಬಂತಾ? ನಾನು ಸಾಗರದಿಂದ ಸೈಕಲ್ ತುಳಿದು ಹೋಗಿ ಇಟಲಿಯ ಬೈಸಿಕಲ್ ಥೀವ್ಸ್ ನೋಡಿದವನು. ಸೈಕಲ್ ಕಳೆದುಕೊಂಡ ಅಪ್ಪ ಸಿಟ್ಟಿನಲ್ಲಿ ಮಗನ ಕೆನ್ನೆಗೆ ಹೊಡೆಯುತ್ತಾನೆ. ಆಮೇಲೆ ಕೈಯಲ್ಲಿ ಹೆಚ್ಚು ಕಾಸಿಲ್ಲದಿದ್ದರೂ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ. ಆ ಮಗು ತಿನ್ನುತ್ತಾ ತಿನ್ನುತ್ತಾ ಹಿಂದಿನ ಮೇಜಿನ ಸಾಹುಕಾರರ ಹುಡುಗನನ್ನು ತಿರುಗಿ ತಿರುಗಿ ನೋಡುತ್ತದೆ. ನನಗೆ ಅಲ್ಲಿ ಕೂರಲು ಆಗಲಿಲ್ಲ. ಎದ್ದು ಹೊರಗೆ ಹೋದೆ.

ಸರೋಜ ಚಿಕ್ಕಮ್ಮ: ಅಳು ಬಂತಾ ಭಾವ?

ಸುಬ್ರಾಯ ದೊಡ್ಡಪ್ಪ: ಇಲ್ಲ. ನನ್ನ ಸೈಕಲ್ ಇದೆಯೋ ಇಲ್ಲವೋ ನೋಡಲು. ಬೀಗ ಹಾಕಿರಲಿಲ್ಲ.

ಇಷ್ಟು ವರ್ಷಗಳಲ್ಲಿ ದೊಡ್ಡಪ್ಪ ಈ ಗುಂಪಿಗೆ ಕಳಿಸಿದ್ದರಲ್ಲಿ ನನಗೆ ಇಷ್ಟವಾದದ್ದು ಇದೊಂದೇ. ಇದನ್ನು ಓದಿದ ಮೇಲೆಯೇ ನಾನು ಆ ಸಿನಿಮಾ ಹುಡುಕಿದ್ದು. ಇಂಥ ಸಿನಿಮಾಗಳ "ನೋಡಲೇಬೇಕಾದ" ಪಟ್ಟಿಗಳು ನನ್ನ ಫೋನಿನಲ್ಲಿ ರಾಶಿ ಬಿದ್ದಿವೆ, ಒಂದನ್ನೂ ತೆರೆದಿಲ್ಲ.

ಮಂಜಣ್ಣ: ಆ ಸೈಕಲ್ ರ‍್ಯಾಲಿ ಅಲ್ವಾ? ಹಸಿರು ಬಣ್ಣದ್ದು? ಆಮೇಲೆ ನನಗೆ ಕೊಟ್ಟಿರಿ.

ಸುಬ್ರಾಯ ದೊಡ್ಡಪ್ಪ: ಕೊಟ್ಟಿರಲಿಲ್ಲ. ನೀನು ತೆಗೆದುಕೊಂಡು ಹೋದೆ.

ಅನಘ: ಅಯ್ಯೋ ಅಪ್ಪ, ಸುಮ್ಮನಿರಿ. ಸಿನಿಮಾ ಹೇಳುತ್ತೇನೆ. ಬ್ಯಾಲಡ್ ಆಫ್ ಎ ಸೋಲ್ಜರ್. 1959ರದ್ದು, ರಷ್ಯಾದ್ದು. ಹತ್ತೊಂಬತ್ತು ವರ್ಷದ ಸೈನಿಕ ಶತ್ರುಗಳ ಎರಡು ಟ್ಯಾಂಕ್ ಹೊಡೆದುಹಾಕುತ್ತಾನೆ. ಪದಕ ಕೊಡುತ್ತೇವೆ ಅಂತಾರೆ. ಪದಕ ಬೇಡ, ಊರಿಗೆ ಹೋಗಲು ರಜೆ ಕೊಡಿ ಅಂತಾನೆ. ಅಮ್ಮ ಒಬ್ಬಳೇ ಇದ್ದಾಳೆ, ಮನೆ ಮಾಡು ಸೋರುತ್ತಿದೆ, ಸರಿ ಮಾಡಿ ಬರುತ್ತೇನೆ ಅಂತ. ಆರು ದಿನ ಕೊಡುತ್ತಾರೆ. ದಾರಿಯಲ್ಲಿ ಕಂಡವರಿಗೆಲ್ಲ ಸಹಾಯ ಮಾಡುತ್ತಾ ಮಾಡುತ್ತಾ ದಿನಗಳೇ ಮುಗಿದುಹೋಗುತ್ತವೆ. ಯಾರೋ ಒಬ್ಬ ಸೈನಿಕ ತನ್ನ ಹೆಂಡತಿಗೆ ಕೊಡು ಅಂತ ಎರಡು ಸೋಪು ಕೊಟ್ಟಿರುತ್ತಾನೆ. ಆ ಸೋಪಿನ ಕಥೆಯೇ ಸಾಕು.

ನಾನು ಹೆಬ್ಬೆಟ್ಟು ಒತ್ತಿದೆ. ಗಿರೀಶನೂ ಒತ್ತಿದ. ಸಿನಿಮಾದ ಮಾತು ಗುಂಪಿನಲ್ಲಿ ನಡೆದದ್ದು ಅಲ್ಲಿಯವರೆಗೆ.

ಸುಬ್ರಾಯ ದೊಡ್ಡಪ್ಪ: ನೋಡಿ. ರಷ್ಯಾದ ಹುಡುಗ ಯುದ್ಧದ ನಡುವೆ ರಜೆ ಹಾಕಿ ಮಾಡು ರಿಪೇರಿಗೆ ಬರುತ್ತಾನೆ. ಮೇಲಿನಮನೆಯ ಪಶ್ಚಿಮದ ಕಡೆ ಹೆಂಚು ಜಾರಿ ಎರಡು ಮಳೆಗಾಲ ಆಯಿತು. ಅಮ್ಮನ ಕೋಣೆಯಲ್ಲಿ ಬೋಗುಣಿ ಇಟ್ಟಿದ್ದೇವೆ. ನಿಮ್ಮಲ್ಲಿ ಯಾರಿಗೆ ಯಾವ ಯುದ್ಧ ಇದೆ?

ರಘು ಭಾವ: ಮಾವ ಹೇಳುವುದು ಸರಿ.

ಪ್ರಸನ್ನ: ಕಳೆದ ವರ್ಷ ಹೆಂಚಿಗೆ ಅಂತ ಎಲ್ಲರಿಂದ ದುಡ್ಡು ಸೇರಿಸಿದ್ದೆವಲ್ಲ. ಅದರ ಲೆಕ್ಕ ಗುಂಪಿಗೆ ಬಂದಿಲ್ಲ.

ರಘು ಭಾವ: ಲೆಕ್ಕ ನನ್ನ ಹತ್ತಿರ ಇದೆ. ಅನುಮಾನ ಇದ್ದರೆ ಬಂದು ನೋಡು.

ಶ್ಯಾಮಲತ್ತೆ: ಮಾಡು ಸೋರುತ್ತಿದೆ ಅಂದರೆ ಅಟ್ಟವೂ ಸೋರುತ್ತಿದೆಯಾ? ಕ್ಯಾಸೆಟ್ ಅಟ್ಟದ ಮೇಲಿದೆ!

ಸುಬ್ರಾಯ ದೊಡ್ಡಪ್ಪ ಅಟ್ಟಕ್ಕೆ ಯಾರನ್ನೋ ಹತ್ತಿಸಿದರು. ಹತ್ತು ನಿಮಿಷದಲ್ಲಿ ಫೋಟೋ ಬಂತು. ಕ್ಯಾಸೆಟ್ಟಿನ ಮೇಲೆ ನೀಲಿ ಇಂಕಿನಲ್ಲಿ "ಶ್ಯಾಮಲಾ ವಿವಾಹ", ಪಕ್ಕದಲ್ಲಿ ಇಂಗಿನ ಡಬ್ಬಿ, ಟೇಪಿನ ಅಂಚಿಗೆ ಬೆಳ್ಳಗೆ ಬೂಷ್ಟು.

ಅನಘ: ಇದನ್ನು ವಿಸಿಆರ್‌ಗೆ ಹಾಕಬೇಡಿ. ಹಾಗೇ ಹಾಕಿದರೆ ಟೇಪು ಹಾಳಾಗುತ್ತದೆ. ಬೂಷ್ಟು ತೆಗೆದು ಡಿಜಿಟಲ್ ಮಾಡಿಕೊಡುವವರು ಇರುತ್ತಾರೆ.

ಪ್ರಸನ್ನ: ಘಟಶ್ರಾದ್ಧದ ನೆಗೆಟಿವ್ ಸರಿಪಡಿಸಿದ್ದು ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ. ನಮ್ಮದನ್ನು ಎಲ್ಲಿಗೆ ಕಳಿಸುವುದು?

ಮಂಜಣ್ಣ: ಸಾಗರದಲ್ಲಿ ಸ್ಟುಡಿಯೋದವರ ಹತ್ತಿರ ಆಗುತ್ತದೋ ನೋಡೋಣ.

ಶ್ಯಾಮಲತ್ತೆ: ಖರ್ಚು ಮಂಜು ಮತ್ತು ಗಿರೀಶ ಕೊಡುತ್ತಾರೆ.

ಗಿರೀಶ: ಬಟನ್ ಒತ್ತಿದ್ದಕ್ಕೆ ಅರ್ಧ ನನ್ನದಾ?

ಸರೋಜ ಚಿಕ್ಕಮ್ಮ: ಆ ಸೋಪು ಹೆಂಡತಿಗೆ ಮುಟ್ಟಿತಾ ಅನಘ?

ಅನಘ: ನೋಡಿ ಅಜ್ಜಿ.

ಸರೋಜ ಚಿಕ್ಕಮ್ಮ: ಇಂಗ್ಲಿಷ್ ಅಷ್ಟು ಬೇಗ ಓದಲು ನನಗೆ ಬರುವುದಿಲ್ಲ. ಅರ್ಧ ಸಾಲು ಓದುವಷ್ಟರಲ್ಲಿ ಮುಂದಿನದು ಬಂದಿರುತ್ತದೆ.

ಅನಘ: ಭಾನುವಾರ ಬರುತ್ತೇನೆ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ.

ಸುಬ್ರಾಯ ದೊಡ್ಡಪ್ಪ: ಭಾನುವಾರ ಹೆಂಚಿನವನು ಬರುತ್ತಾನೆ. ಎಲ್ಲರೂ ಬನ್ನಿ. ತಲೆಗೆ ಇಷ್ಟು ಅಂತ ಅಲ್ಲೇ ತೀರ್ಮಾನ ಮಾಡೋಣ.

ಪ್ರಸನ್ನ: ಅಂದಾಜು ಪಟ್ಟಿ ಮೊದಲು ಗುಂಪಿಗೆ ಹಾಕಿ ದೊಡ್ಡಮಾವ. ಕೊಟೇಶನ್ ಮೂರಾದರೂ ಇರಲಿ.