ದಿಬ್ರೂಗಢ ಮತ್ತು ದ್ವಾರಕೆ: ಗಡಿಯಾರ ಒಂದೇ ಆದರೂ ಹೊತ್ತು ಬೇರೆಯೇಕೆ?

ಪ್ರಶ್ನೆ:
ನಮ್ಮ ಮಗಳು ಅಸ್ಸಾಮಿನ ದಿಬ್ರೂಗಢದಲ್ಲಿಯೂ ಮಗ ಗುಜರಾತಿನ ದ್ವಾರಕೆಯಲ್ಲಿಯೂ ಉದ್ಯೋಗದಲ್ಲಿದ್ದಾರೆ, ನಾವು ಧಾರವಾಡದವರು. ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಫೋನ್ ಮಾಡಿದರೆ ಮಗಳು ನಿದ್ದೆಗಣ್ಣಿನಲ್ಲಿ ಮಾತನಾಡುತ್ತಾಳೆ, ಮಗ ಇನ್ನೂ ಪೇಟೆಯಲ್ಲಿರುತ್ತಾನೆ. ಕಳೆದ ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ವಿಡಿಯೊ ಕರೆ ಮಾಡಿದಾಗ ಅವಳ ಕಿಟಕಿಯಾಚೆ ಕತ್ತಲಿತ್ತು, ಅವನ ಮುಖದ ಮೇಲೆ ಬಿಸಿಲಿತ್ತು. ಒಂದೇ ದೇಶದ ಎರಡು ಊರುಗಳಿಗೆ ಇಷ್ಟು ಅಂತರವಿರಲು ಸಾಧ್ಯವೇ? ಊರಿನ ಸ್ವಭಾವವೂ ಇದಕ್ಕೆ ಕಾರಣವೇ?

ಉತ್ತರ 1:
ಸಾಧ್ಯವಿದೆ. ಭಾರತೀಯ ಪ್ರಮಾಣ ಕಾಲವನ್ನು ಮಿರ್ಜಾಪುರದ ಸಮೀಪ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ದಿಬ್ರೂಗಢ ಸುಮಾರು 95 ಡಿಗ್ರಿಯಲ್ಲಿದೆ, ದ್ವಾರಕೆ 69ರಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಸೂರ್ಯನ ಹೊತ್ತಿನಲ್ಲಿ ಸುಮಾರು 1 ಗಂಟೆ 44 ನಿಮಿಷಗಳ ವ್ಯತ್ಯಾಸ ಬರುತ್ತದೆ. ಅಕ್ಷಾಂಶವೂ ಬೇರೆಯಾದ್ದರಿಂದ ಡಿಸೆಂಬರಿನ ಸಂಜೆ ಈ ಅಂತರ ಎರಡು ಗಂಟೆಯ ಹತ್ತಿರಕ್ಕೆ ಹೋಗುತ್ತದೆ: ದಿಬ್ರೂಗಢದಲ್ಲಿ ಸೂರ್ಯಾಸ್ತ ಸುಮಾರು 4.20ಕ್ಕೆ, ದ್ವಾರಕೆಯಲ್ಲಿ 6.15ಕ್ಕೆ.

ಪಂಚಾಂಗ ನೋಡುವವರಾದರೆ ಒಂದು ಮಾತು. ರಾಹುಕಾಲವನ್ನು ಹಗಲಿನ ಎಂಟು ಪಾಲುಗಳಿಂದ ಎಣಿಸುವುದರಿಂದ, ಸೋಮವಾರ ನಮ್ಮಲ್ಲಿ ಬಾಯಿಪಾಠವಾಗಿರುವ ಏಳೂವರೆಯ ರಾಹುಕಾಲ ಜೂನ್ ತಿಂಗಳ ದಿಬ್ರೂಗಢದಲ್ಲಿ ಆ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ.

ಉತ್ತರ 2:
ನಾನು ಆರು ವರ್ಷ ದಿಬ್ರೂಗಢದ ಸುತ್ತಲಿನ ಚಹಾ ತೋಟಗಳಲ್ಲಿ ಲೆಕ್ಕಪತ್ರ ನೋಡಿದ್ದೇನೆ. ಅಲ್ಲಿನ ತೋಟಗಳು ಬ್ರಿಟಿಷರ ಕಾಲದಿಂದಲೂ ‘ಬಾಗಾನ್ ಟೈಮ್’ ಎಂಬ ತಮ್ಮದೇ ಲೆಕ್ಕವನ್ನು ಉಳಿಸಿಕೊಂಡಿವೆ. ಅದು ದೇಶದ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ. ಜೂನ್ ತಿಂಗಳಲ್ಲಿ ನಾಲ್ಕೂಕಾಲಿಗೇ ಸೂರ್ಯ ಹುಟ್ಟುವ ಊರಿನಲ್ಲಿ ಎಲೆ ಕೀಳುವವರು ಬಿಸಿಲೇರುವ ಮುನ್ನವೇ ಸಾಲು ಹಿಡಿಯಬೇಕಲ್ಲವೇ? ನನಗೆ ಮೊದಲ ತಿಂಗಳು ಪಜೀತಿಯಾದದ್ದೂ ಇದರಿಂದಲೇ: ಎಂಟಕ್ಕೆ ಬನ್ನಿ ಎಂದಿದ್ದರು, ನಾನು ನನ್ನ ಕೈಗಡಿಯಾರದ ಎಂಟಕ್ಕೆ ಹೋದೆ, ಅವರು ಒಂದು ಗಂಟೆಯಿಂದ ಕಾಯುತ್ತಿದ್ದರು. ಬೇಗ ಏಳುವ ಊರು ಬೇಗ ಮಲಗುತ್ತದೆ. ನಿಮ್ಮ ಮಗಳ ನಿದ್ದೆಗಣ್ಣಿಗೆ ಚಿಂತೆ ಬೇಡ.

ಉತ್ತರ 3:
ದ್ವಾರಕೆಯ ಹೊತ್ತನ್ನು ಸೂರ್ಯನಷ್ಟೇ ದೇವಸ್ಥಾನವೂ ನಡೆಸುತ್ತದೆ ಎಂಬುದು ನನ್ನ ಅಭಿಪ್ರಾಯ. ಮಧ್ಯಾಹ್ನ ದ್ವಾರಕಾಧೀಶನ ಬಾಗಿಲು ಮುಚ್ಚಿದರೆ ಸುತ್ತಲಿನ ಬೀದಿಗಳೂ ಮಂಪರಿಗೆ ಜಾರುತ್ತವೆ. ಸಂಜೆ ಬಾಗಿಲು ತೆರೆದ ಮೇಲೆ ಮತ್ತೆ ಎಚ್ಚರವಾಗುತ್ತವೆ. ಜೂನ್ ತಿಂಗಳಲ್ಲಿ ಏಳೂವರೆ ದಾಟಿದರೂ ಸಮುದ್ರದ ಮೇಲೆ ಬೆಳಕಿರುವಾಗ ಯಾರಿಗೆ ಮನೆ ಸೇರುವ ಆತುರವಿರುತ್ತದೆ?

ಉತ್ತರ 1 ಬರೆದವರಿಂದ ಮತ್ತೆ:
ಈಶಾನ್ಯ ರಾಜ್ಯಗಳಿಗೆ ಪ್ರತ್ಯೇಕ ಕಾಲವಲಯ ಬೇಕೆಂಬ ಬೇಡಿಕೆ ಹಳೆಯದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು 2018ರಲ್ಲಿ ಬಂಗಾಳ ಹಾಗೂ ಅಸ್ಸಾಮಿನ ನಡುವಿನ ಕಿರಿದಾದ ಗಡಿಯಲ್ಲಿ ಗೆರೆ ಎಳೆಯಬಹುದೆಂದು ಸೂಚಿಸಿದ್ದರು. ಅಲ್ಲಿ ರೈಲು ಗಡಿಯಾರಗಳನ್ನು ಬದಲಿಸಬೇಕಾದ ನಿಲ್ದಾಣಗಳು ಕಡಿಮೆ. ಸದ್ಯಕ್ಕೆ ಎರಡೂ ಊರಿಗೆ ಒಂದೇ ಗಡಿಯಾರ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಇನ್ನು ಮುಂದೆ ಮಗಳಿಗೆ ಏಳೂವರೆಗೆ, ನಮ್ಮ ಊಟಕ್ಕೆ ಮೊದಲೇ ಫೋನ್ ಮಾಡುತ್ತೇವೆ. ಮಗನಿಗೆ ಊಟವಾದ ಮೇಲೆ.