ಹೋದ ಒಂದು ಅಂಕ ಮತ್ತು ಡಿಸ್ಟ್ರಿಬ್ಯೂಟ್ ಎಂಬ ಕ್ರಿಯಾಪದ

ಎಲ್ಲರಿಗೂ ಶರಣು. ತಂಗೀ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಉತ್ತರಪತ್ರಿಕೆಯ ಫೋಟೋವನ್ನು ಈಗ ತಾನೇ ಕನ್ನಡಕ ಹಾಕಿಕೊಂಡು ನೋಡಿದೆ. ಏಳನೆಯ ತರಗತಿಯ ನಮ್ಮ ಹುಡುಗ ‘ದಿ ಹೆಡ್‌ಮಾಸ್ಟರ್ ಡಿಸ್ಟ್ರಿಬ್ಯೂಟೆಡ್ ದಿ ಸ್ಟೂಡೆಂಟ್ಸ್ ನೋಟ್‌ಬುಕ್ಸ್’ ಎಂದು ಬರೆದಿದ್ದಾನೆ. ಅದರ ಮೇಲೆ ಕೆಂಪು ಗೀಟು ಬಿದ್ದು ಒಂದು ಅಂಕ ಹೋಗಿದೆ. ‘ನಿಘಂಟಿನಲ್ಲಿ ಹಂಚು ಎಂದೇ ಇದೆಯಲ್ಲ ಅಣ್ಣಾ, ತಪ್ಪೇನು’ ಎಂದು ಕೇಳಿದ್ದೀಯೆ. ಇಷ್ಟುದ್ದದ ಉತ್ತರವನ್ನು ಬೆರಳಿನಿಂದ ಒತ್ತುತ್ತ ಕುಳಿತರೆ ಮಧ್ಯಾಹ್ನವಾದೀತೆಂದು ಮಾತಿನಲ್ಲೇ ಕಳುಹಿಸುತ್ತಿದ್ದೇನೆ. ಕಲಬುರಗಿಯ ಬಿಸಿಲಿಗೆ ಫ್ಯಾನು ಜೋರಾಗಿ ತಿರುಗುತ್ತಿದೆ, ಅದರ ಸದ್ದನ್ನು ಸಹಿಸಿಕೊಳ್ಳಿರಿ.

ಅಂಕ ಕಡಿದದ್ದು ಸರಿಯೇ. ಆದರೆ ಈ ತಪ್ಪು ಹುಟ್ಟಿದ್ದು ನಮ್ಮ ‘ಗೆ’ ಪ್ರತ್ಯಯದಿಂದ. ‘ಮಕ್ಕಳಿಗೆ ಪುಸ್ತಕ ಹಂಚಿದರು’ ಎನ್ನಲಿ, ‘ಪುಸ್ತಕ ಮಕ್ಕಳಿಗೆ ಹಂಚಿದರು’ ಎನ್ನಲಿ, ‘ಗೆ’ ಮಕ್ಕಳ ಬೆನ್ನಿಗೇ ಅಂಟಿಕೊಂಡಿರುವುದರಿಂದ ಪಡೆದವರು ಯಾರೆಂಬ ಗೊಂದಲ ನಮಗೆ ಬರುವುದೇ ಇಲ್ಲ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಟು’ ಮಾಡುತ್ತದೆ. ಗಿವ್, ಸೆಂಡ್, ಶೋ ಮೊದಲಾದವುಗಳ ಜೊತೆ ಪಡೆಯುವವರನ್ನು ಮುಂದಕ್ಕೆ ತಂದರೆ ಆ ‘ಟು’ ಉದುರಿಹೋಗುತ್ತದೆ. ‘ಗಿವ್ ದಿ ಚಿಲ್ಡ್ರನ್ ಬುಕ್ಸ್’ ಎಂದು ಕಲಿತ ಹುಡುಗ ಡಿಸ್ಟ್ರಿಬ್ಯೂಟ್‌ಗೂ ಅದೇ ಲೆಕ್ಕ ಹಾಕಿದ್ದಾನೆ. ಲ್ಯಾಟಿನ್ ಮೂಲದಿಂದ ಬಂದ ಡಿಸ್ಟ್ರಿಬ್ಯೂಟ್, ಎಕ್ಸ್‌ಪ್ಲೇನ್, ಡೊನೇಟ್ ಮುಂತಾದವು ಈ ಸಲುಗೆ ಕೊಡುವುದಿಲ್ಲ. ‘ಎಕ್ಸ್‌ಪ್ಲೇನ್ ಮಿ’ ಎಂದು ನಮ್ಮ ಕಡೆ ಪದವೀಧರರೂ ಹೇಳುತ್ತಾರೆ. ನೌಕರಿಗೆ ಸೇರಿದ ಹೊಸತರಲ್ಲಿ ನಾನೂ ಹೇಳುತ್ತಿದ್ದೆ. ಡಿಸ್ಟ್ರಿಬ್ಯೂಟ್ ಮೊದಲು ಕೈ ಹಾಕುವುದು ವಸ್ತುವಿಗೆ, ಮನುಷ್ಯರಿಗಲ್ಲ. ಆದ್ದರಿಂದ ‘ಡಿಸ್ಟ್ರಿಬ್ಯೂಟೆಡ್ ನೋಟ್‌ಬುಕ್ಸ್ ಟು ದಿ ಸ್ಟೂಡೆಂಟ್ಸ್’ ಎಂದೇ ಬರೆಯಬೇಕು. ‘ಟು’ ಬದಲು ‘ಅಮಂಗ್’ ಹಾಕಿದರೂ ನಡೆಯುತ್ತದೆ. ಆಗ ಇದ್ದ ರಾಶಿಯನ್ನೆಲ್ಲ ಅಷ್ಟೂ ಜನರ ನಡುವೆ ಹಂಚಿ ಮುಗಿಸಿದರೆಂಬ ಛಾಯೆ ಬರುತ್ತದೆ.

ಈ ಪದದ ಬೇರಿನಲ್ಲಿರುವ ‘ಟ್ರಿಬ್ಯುಎರೆ’ ಎಂಬ ಲ್ಯಾಟಿನ್ ಧಾತುವಿಗೆ ಇಂಥವರಿಗೆ ಇಷ್ಟೆಂದು ನೇಮಿಸಿಕೊಡುವುದು ಎಂದರ್ಥ. ಮುಂದಿನ ‘ಡಿಸ್’ ಎಂದರೆ ಬೇರೆ ಬೇರೆಯಾಗಿ. ಕಾಂಟ್ರಿಬ್ಯೂಟ್, ಆಟ್ರಿಬ್ಯೂಟ್, ಟ್ರಿಬ್ಯೂಟ್ ಎಲ್ಲವೂ ಒಂದೇ ಮನೆತನದವು. ಭೂಗೋಳದಲ್ಲಿ ಇದರ ಚೆಂದವೇ ಬೇರೆ. ನಮ್ಮ ಜಿಲ್ಲೆಯನ್ನೂ ಯಾದಗಿರಿಯನ್ನೂ ಹಾದುಹೋಗುವ ಭೀಮೆಯು ತನ್ನ ನೀರನ್ನು ಕೃಷ್ಣೆಗೆ ಒಪ್ಪಿಸುವುದರಿಂದ ಅದು ಟ್ರಿಬ್ಯುಟರಿ, ಅಂದರೆ ಉಪನದಿ. ನಾರಾಯಣಪುರದ ಎಡದಂಡೆ ಕಾಲುವೆಯಿಂದ ಒಡೆದು ಸುರಪುರ, ಶಹಾಪುರದ ಹೊಲಗಳ ಕಡೆಗೆ ಹೋಗುವ ಕವಲುಗಳಾದರೋ ಡಿಸ್ಟ್ರಿಬ್ಯುಟರಿಗಳು. ಅಲ್ಲಿಯ ರೈತರೂ ಆ ಹೆಸರನ್ನೇ ಬಳಸುತ್ತಾರೆ. ಮೊದಲಿಗೊಂದು ‘ಡಿಸ್’ ಸೇರಿದ್ದಕ್ಕೇ ಕೂಡುವ ನೀರು ಕವಲೊಡೆಯುವ ನೀರಾಯಿತು. ಆದರೆ ಕವಲೊಡೆದ ನೀರು ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟಿತೋ ಇಲ್ಲವೋ ಎಂಬ ಮಾತು ಆ ಪದದೊಳಗಿಲ್ಲ. ಆ ಹೊಲದವರನ್ನು ಕೇಳಿದರೆ ಬೇರೆ ಪದಗಳನ್ನೇ ಹೇಳುತ್ತಾರೆ, ಅವನ್ನು ಗುಂಪಿನಲ್ಲಿ ಹೇಳಲಾಗದು.

ಪಡೆಯುವವರೇ ಇಲ್ಲದೆಡೆಯೂ ಈ ಕ್ರಿಯಾಪದ ನಡೆಯುತ್ತದೆ ಎಂಬುದನ್ನು ನಾನು ಕಂಡದ್ದು ಹುಡುಗನಾಗಿದ್ದಾಗ, ಊರಿನ ಒಂದು ಹಳೆಯ ಛಾಪಖಾನೆಯಲ್ಲಿ. ಲಗ್ನಪತ್ರಿಕೆ ಅಚ್ಚಾದ ಮೇಲೆ ಸೀಸದ ಅಚ್ಚಕ್ಷರದ ಮೊಳೆಗಳನ್ನು ಸೀಮೆಎಣ್ಣೆಯಿಂದ ತೊಳೆದು, ಕ ಅನ್ನು ಕ ದ ಖಾನೆಗೆ, ಒತ್ತಕ್ಷರವನ್ನು ಅದರದರ ಖಾನೆಗೆ ಟಕಟಕನೆ ಹಾಕುತ್ತಿದ್ದರು. ಬೆರಳುಗಳು ನೋಡದೆಯೇ ಜಾಗ ಹುಡುಕುತ್ತಿದ್ದವು. ಆ ಕೆಲಸಕ್ಕೂ ಮುದ್ರಣದ ಇಂಗ್ಲಿಷಿನಲ್ಲಿ ಡಿಸ್ಟ್ರಿಬ್ಯೂಟ್ ಎಂದೇ ಹೆಸರು. ಇಲ್ಲಿ ‘ಹಂಚು’ ಎಂದು ಕನ್ನಡಿಸಿದರೆ ನಗೆಪಾಟಲಾಗುತ್ತದೆ. ಜನಸಂಖ್ಯೆಯ ಹಂಚಿಕೆ, ಲಾರಿಯಲ್ಲಿ ಭಾರದ ಹಂಚಿಕೆ ಎನ್ನುವಾಗಲೂ ಯಾರೂ ಯಾರಿಗೂ ಏನನ್ನೂ ಕೊಡುತ್ತಿಲ್ಲ. ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂಬುದಷ್ಟೇ ಅರ್ಥ.

ಸಮನಾಗಿ ಕೊಡುವುದೇ ಡಿಸ್ಟ್ರಿಬ್ಯೂಟ್ ಎಂಬ ತಪ್ಪು ತಿಳಿವಳಿಕೆಯೂ ಬಹಳ ಇದೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ, ಕಡುಬಡವರ ಅಂತ್ಯೋದಯ ಕುಟುಂಬಕ್ಕಾದರೆ ಒಟ್ಟಿಗೆ 35 ಕಿಲೋ. ಅಳತೆ ಬೇರೆಯಾದರೂ ಎರಡೂ ಡಿಸ್ಟ್ರಿಬ್ಯೂಷನ್ನೇ. ಇನ್ನು ಅಲೊಕೇಟ್ ಎಂದರೆ ಇಂಥದಕ್ಕೆ ಇಷ್ಟು ಎಂದು ತೆಗೆದಿರಿಸುವುದು, ಕೈಗೆ ಮುಟ್ಟಿಸುವುದಲ್ಲ. 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ, ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ 371ಜೆ ವಿಧಿಯಲ್ಲಿ ಅಭಿವೃದ್ಧಿಯ ಹಣದ ವಿಷಯದಲ್ಲಿ ಇರುವ ಪದ ‘ಈಕ್ವಿಟಬಲ್ ಅಲೊಕೇಷನ್’. ಈಕ್ವಿಟಬಲ್ ಎಂದರೂ ಸಮಪಾಲಲ್ಲ, ನ್ಯಾಯಪಾಲು. ಹುಡುಗನಿಗೆ ಇದು ಈಗಲೇ ಬೇಡ, ನೀವು ದೊಡ್ಡವರು ತಿಳಿದಿರಿ.

ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡು ಪಹಣಿಯಲ್ಲಿ ಹಿಸ್ಸಾ ಬೀಳಿಸುವುದು ಡಿವೈಡ್. ಅಲ್ಲಿ ವಸ್ತುವೇ ತುಂಡಾಗುತ್ತದೆ. ನಮ್ಮ ಮನೆಯ ಪಾಲಿನ ಕತೆಯನ್ನು ದಯವಿಟ್ಟು ಯಾರೂ ಇಲ್ಲಿ ತೆಗೆಯಬೇಡಿರಿ. ಶೇರ್ ಎನ್ನುವುದಕ್ಕೆ ಮಾತ್ರ ಕನ್ನಡದ ‘ಕೊಳ್ಳು’ ಬಹಳ ಅನುಕೂಲವಾಗಿದೆ: ಹಂಚಿದರೆ ನಾನು ಹೊರಗಿರಬಹುದು, ಹಂಚಿಕೊಂಡರೆ ಅದರಲ್ಲಿ ನನಗೂ ಪಾಲುಂಟು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಭಜ್ಜಿಯನ್ನು ಎಲ್ಲರೂ ಕೂಡಿ ಉಣ್ಣುವುದು ಶೇರ್. ಅದಕ್ಕೆ ಡಿಸ್ಟ್ರಿಬ್ಯೂಟ್ ಎಂದರೆ ನಾವು ಉಪವಾಸವಿದ್ದಂತೆ ಕೇಳಿಸುತ್ತದೆ. ಅದೇ ದಿನ ಚರಗ ಚೆಲ್ಲುವುದಕ್ಕೆ, ಅಂದರೆ ಎಡೆಯ ಅಡುಗೆಯನ್ನು ಹೊಲದ ತುಂಬ ಎರಚುವುದಕ್ಕೆ, ಎರಡೂ ಒಗ್ಗುವುದಿಲ್ಲ, ಅಲ್ಲಿ ಸ್ಕ್ಯಾಟರ್ ಎನ್ನಬೇಕು.

ಉಚ್ಚಾರಣೆಯಲ್ಲಿ ಒತ್ತು ‘ಸ್ಟ್ರಿ’ ಮೇಲೆ ಬೀಳಲಿ. ಹುಡುಗನಿಂದ ನೋಟ್‌ಬುಕ್ಕಿನ ಮೇಲೊಂದು, ಕಾಲುವೆಯ ನೀರಿನ ಮೇಲೊಂದು, ಎಳ್ಳಮಾವಾಸ್ಯೆಯ ಬುತ್ತಿಯ ಮೇಲೊಂದು, ಹೀಗೆ ಮೂರು ವಾಕ್ಯ ಬರೆಯಿಸಿ ಫೋಟೋ ಹಾಕು. ನಿವೃತ್ತನಾದರೂ ಕೆಂಪು ಪೆನ್ನು ಇನ್ನೂ ನನ್ನ ಕಿಸೆಯಲ್ಲೇ ಇದೆ.