ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿಯಿಂದ ಆಫರ್ ಬಂದಿದೆ, ಸೇರಬಹುದಾ?

ದಾವಣಗೆರೆ_ಹುಡುಗ

ನಮಸ್ಕಾರ. ನನಗೆ ಜಾವಾದಲ್ಲಿ ಮೂರೂವರೆ ವರ್ಷದ ಅನುಭವ. ಈಗ ಒಂದು ದೊಡ್ಡ ಸರ್ವೀಸ್ ಕಂಪನಿಯಲ್ಲಿದ್ದೇನೆ. ಎರಡು ವರ್ಷದಿಂದ ಒಂದೇ ಬ್ಯಾಂಕಿನ ಪ್ರಾಜೆಕ್ಟು. ಅದೇ ಸ್ಕ್ರೀನಿಗೆ ಕಾಲಂ ಸೇರಿಸುವುದು, ಆಮೇಲೆ ತೆಗೆಯುವುದು. ಬೇಸರವಾಗಿ ಹೊರಗೆ ಹುಡುಕುತ್ತಿದ್ದೆ. ಬೆಂಗಳೂರಿನ ಒಂದು ಕಂಪನಿಯಿಂದ ಆಫರ್ ಬಂದಿದೆ. ಆಸ್ಪತ್ರೆಗಳಿಗೆ ರಿಜಿಸ್ಟ್ರೇಷನ್, ಬಿಲ್ಲಿಂಗ್, ಲ್ಯಾಬ್, ಫಾರ್ಮಸಿ ಸಾಫ್ಟ್‌ವೇರ್ ಮಾಡುತ್ತಾರೆ. ಐನೂರು ಜನ ಇದ್ದಾರಂತೆ. ನನ್ನನ್ನು ಇಂಟರ್‌ಫೇಸ್ ಟೀಮಿಗೆ, ಅಂದರೆ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಕೆಲಸಕ್ಕೆ, ತೆಗೆದುಕೊಳ್ಳುತ್ತಿದ್ದಾರೆ. ಹೈಕ್ 20 ಪರ್ಸೆಂಟ್ ಅಷ್ಟೇ.

ಇಂಟರ್‌ವ್ಯೂನಲ್ಲಿ ಕೋಡಿಂಗ್ ಬಗ್ಗೆ ಜಾಸ್ತಿ ಕೇಳಲಿಲ್ಲ. "ಆಸ್ಪತ್ರೆಗೆ ಹೋಗಿ ಕೂತು ಕೆಲಸ ಮಾಡೋಕೆ ತೊಂದರೆ ಇಲ್ಲ ಅಲ್ವಾ?" ಎಂದು ಮಾತ್ರ ಮೂರು ಸಲ ಕೇಳಿದರು. ಅದೇ ಸ್ವಲ್ಪ ಅನುಮಾನ. "ಅಲ್ಲಿಗೆ ಹೋದ್ರೆ ಹಳೇ ಟೆಕ್ನಾಲಜಿಯಲ್ಲೇ ಹೂತುಹೋಗ್ತೀಯ" ಎನ್ನುತ್ತಾನೆ ನನ್ನ ಫ್ರೆಂಡು. ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ನಿಜವಾಗಿ ಹೇಗಿರುತ್ತದೆ ಹೇಳಿ.

ಹಾಸನದ_ಫಿಲ್ಟರ್_ಕಾಫಿ

ನಿಮ್ಮ ಫ್ರೆಂಡ್ ಹೇಳಿದ್ದು ಅರ್ಧ ಸರಿ. ನನಗೆ ಇಂಥದೇ ಕಂಪನಿಯಲ್ಲಿ ಇದು ಎಂಟನೇ ವರ್ಷ, ಅದರಲ್ಲಿ ಆರು ವರ್ಷ ಇಂಟರ್‌ಫೇಸ್ ಟೀಮಿನಲ್ಲೇ. ಕಂಪನಿ ಹೆಸರು ಬೇಡ, ಇನ್ನೂ ಅಲ್ಲೇ ಸಂಬಳ ತೆಗೆದುಕೊಳ್ಳುತ್ತಿದ್ದೇನೆ.

ಮೊದಲು ಆ ಮೂರು ಸಲದ ಪ್ರಶ್ನೆ. ಹೌದು, ಕೂರಿಸುತ್ತಾರೆ. ನಾನು ಸೇರಿದ ಎರಡನೇ ವಾರಕ್ಕೇ ಒಂದು ಆಸ್ಪತ್ರೆಯ ಓಪಿಡಿ ಕೌಂಟರಿನ ಹಿಂದೆ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂರಿಸಿದರು. ಗೋ-ಲೈವ್ ದಿನ, ಅಂದರೆ ನಮ್ಮ ಸಾಫ್ಟ್‌ವೇರ್ ಅಲ್ಲಿ ಬಳಕೆಗೆ ಬಂದ ಮೊದಲ ದಿನ. ಬೆಳಗ್ಗೆ ಏಳೂವರೆಗೆ ಕ್ಯೂ ಗೇಟಿನ ತನಕ. ನಮ್ಮ ಸ್ಕ್ರೀನಿನಲ್ಲಿ ಹುಟ್ಟಿದ ದಿನಾಂಕ ಕಡ್ಡಾಯ. ಒಬ್ಬ ಅಜ್ಜಿಗೆ ವಯಸ್ಸು ಕೇಳಿದರೆ "ದೊಡ್ಡ ಮಗನಿಗೇ ಐವತ್ತಾಯ್ತಲ್ಲವ್ವಾ" ಎಂದರು. ಕೌಂಟರಿನ ಹುಡುಗಿ ಒಂದು ಸಲ ನನ್ನ ಮುಖ ನೋಡಿದಳು, 01-01-1950 ಎಂದು ಹೊಡೆದಳು, ಮುಂದಿನವರನ್ನು ಕರೆದಳು. ಮಧ್ಯಾಹ್ನದ ಹೊತ್ತಿಗೆ ಅರ್ಧ ಓಪಿಡಿ ಜನವರಿ ಒಂದಕ್ಕೇ ಹುಟ್ಟಿತ್ತು. ವಾಪಸ್ ಬಂದು "ಅಂದಾಜು ವಯಸ್ಸು" ಎಂದು ಒಂದು ಟಿಕ್ ಬಾಕ್ಸ್ ಸೇರಿಸಿದೆವು. ಎರಡು ಗಂಟೆಯ ಕೆಲಸ. ಆಫೀಸಿನಲ್ಲೇ ಕೂತಿದ್ದರೆ ನನಗೆ ಎರಡು ವರ್ಷವಾದರೂ ಹೊಳೆಯುತ್ತಿರಲಿಲ್ಲ.

ಆದರೆ ಅಷ್ಟರೊಳಗೆ ಹುಟ್ಟಿದ್ದ ಜನವರಿ ಒಂದುಗಳು ಹಾಗೇ ಉಳಿದುಕೊಂಡವು. ಮುಂದೆ ನನಗೆ ಒಂದು ಟೂಲ್ ಬರೆಯಲು ಕೊಟ್ಟರು. ಒಬ್ಬರೇ ಪೇಷಂಟಿಗೆ ಎರಡು ಯುಎಚ್‌ಐಡಿ (ಆಸ್ಪತ್ರೆ ಕೊಡುವ ಪೇಷಂಟ್ ನಂಬರ್) ಆಗಿದ್ದರೆ ಹುಡುಕಿ ಸೇರಿಸುವುದು. ಹೆಸರು, ಹುಟ್ಟಿದ ದಿನಾಂಕ, ಊರು ಮೂರೂ ಒಂದೇ ಆದರೆ "ಒಬ್ಬರೇ ಇರಬಹುದು" ಎಂದು ತೋರಿಸುತ್ತಿತ್ತು. ಒಂದೇ ಹೋಬಳಿಯಿಂದ ಇಬ್ಬರು ಲಕ್ಷ್ಮಮ್ಮ ಬಂದಿದ್ದರು, ಇಬ್ಬರೂ 01-01-1950. ಮೆಡಿಕಲ್ ರೆಕಾರ್ಡ್ಸ್‌ನವರು ಓಕೆ ಒತ್ತಿದರು. ಎ40 ಎನ್ನುವ ಮರ್ಜ್ ಮೆಸೇಜು ಲ್ಯಾಬಿಗೂ ಫಾರ್ಮಸಿಗೂ ಹೋಗಿಯೇ ಬಿಟ್ಟಿತು. ವಾರ್ಡಿನಲ್ಲಿ ಒಬ್ಬ ಸಿಸ್ಟರು ಕೇಸ್ ಶೀಟ್ ಓದಿದರು: ಬಲ ಮೊಣಕಾಲಿನ ಆಪರೇಷನ್ ಆಗಿದೆ. ಹೊದಿಕೆ ಸರಿಸಿ ನೋಡಿದರೆ ಮೊಣಕಾಲಿನ ಮೇಲೆ ಗಾಯದ ಗುರುತೇ ಇಲ್ಲ. ಅಲ್ಲಿಗೆ ಎಲ್ಲ ನಿಂತಿತು. ಇನ್ನೊಬ್ಬ ಲಕ್ಷ್ಮಮ್ಮನಿಗೆ ಪೆನಿಸಿಲಿನ್ ಆಗಿಬರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಆ ರಾತ್ರಿ ನಾನು ಊಟ ಮಾಡಿದ ನೆನಪಿಲ್ಲ.

ಸೇರಿಸಲು ಒಂದು ಬಟನ್ ಸಾಕು. ಬೇರ್ಪಡಿಸಲು ಮೂರು ದಿನ ಬೇಕಾಯಿತು. ರೆಕಾರ್ಡ್ ರೂಮಿನ ಪೇಪರ್ ಫೈಲ್ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ರಿಪೋರ್ಟು ಯಾರದ್ದು ಎಂದು ನೋಡುತ್ತಾ ಹೋದೆವು. ನನ್ನ ಮೇಲೆ ಯಾರೂ ಕೂಗಾಡಲಿಲ್ಲ. ಆ ಸಿಸ್ಟರು ಮಾತ್ರ "ನೀವು ಬರೆಯೋರು ಒಂದ್ಸಲ ವಾರ್ಡಿಗೆ ಬಂದು ನೋಡ್ಬೇಕಮ್ಮ" ಎಂದರು. ಈಗ ಅಂದಾಜು ದಿನಾಂಕ ಇದ್ದರೆ, ಫೋನ್ ನಂಬರೂ ತಾಳೆಯಾಗದೆ ನನ್ನ ಟೂಲ್ ಬಾಯಿ ಬಿಡುವುದಿಲ್ಲ.

ಹಳೇ ಟೆಕ್ನಾಲಜಿ ವಿಷಯ. ಆಸ್ಪತ್ರೆಯ ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡುವ ಭಾಷೆ ಎಚ್‌ಎಲ್‌7 ಶುರುವಾಗಿದ್ದು 1987ರಲ್ಲಿ. ಲ್ಯಾಬ್ ಸಾಫ್ಟ್‌ವೇರಿನಿಂದ ಇವತ್ತಿಗೂ ನಮಗೆ ಬರುವುದು ಅದರ ಎರಡನೇ ಆವೃತ್ತಿಯೇ: ಉದ್ದಕ್ಕೆ | ಗೆರೆ ಹಾಕಿದ ಸಾಲುಗಳು. ಒಂದು ಶನಿವಾರ ಸಂಜೆ ಒಂದು ವಿಭಾಗದ ರಿಪೋರ್ಟುಗಳು ಮಾತ್ರ ಅರ್ಧಂಬರ್ಧ ಬರತೊಡಗಿದವು. ನೋಡಿದರೆ ಯಾರೋ ವಿಭಾಗದ ಹೆಸರಿನಲ್ಲಿ & ಸೇರಿಸಿದ್ದರು. ಎಚ್‌ಎಲ್‌7ನಲ್ಲಿ & ಎಂದರೆ "ಇಲ್ಲಿ ಕತ್ತರಿಸು" ಎಂದು ಅರ್ಥ. ಅದು ಕತ್ತರಿಸಿತು, ಪಾಪ, ಅದರ ತಪ್ಪೇನಿದೆ? ಅದೇ ವಾರ ಇನ್ನೊಂದು ಕಡೆ ಎಫ್‌ಎಚ್‌ಐಆರ್ (ಎಚ್‌ಎಲ್‌7ನವರದೇ ಹೊಸ ಭಾಷೆ) ಕೆಲಸವೂ ನಡೆದಿತ್ತು. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದ ತುಂಬಾ ಶುರುವಾಯಿತಲ್ಲ, ಆಭಾ ನಂಬರಿಗೆ (ಅದರಲ್ಲಿ ಒಬ್ಬೊಬ್ಬರಿಗೂ ಕೊಡುವ ಆರೋಗ್ಯ ಗುರುತಿನ ಸಂಖ್ಯೆ) ಕೂಡಿಸುವ ದಾಖಲೆಗಳೆಲ್ಲ ಎಫ್‌ಎಚ್‌ಐಆರ್‌ನಲ್ಲೇ ಇರಬೇಕು. ಬೆಳಗ್ಗೆ ಎಚ್‌ಎಲ್‌7ನ ಗೆರೆ, ಮಧ್ಯಾಹ್ನ ಎಫ್‌ಎಚ್‌ಐಆರ್‌ನ ಜೇಸನ್. ಹೂತುಹೋಗುವುದಂತೂ ಇಲ್ಲ. ಆದರೆ ರೆಸ್ಯೂಮೆಯಲ್ಲಿ ಹೊಳೆಯುವಂಥ ಹೆಸರುಗಳೂ ಜಾಸ್ತಿ ಸಿಗುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಇಷ್ಟು ಗಾತ್ರದ ಕಂಪನಿಗೆ ದೊಡ್ಡ ಗಿರಾಕಿಗೆ ಇಲ್ಲ ಎನ್ನುವ ತಾಕತ್ತು ಇರುವುದಿಲ್ಲ. ಹೂಂ ಅಂದಿದ್ದನ್ನೆಲ್ಲ ಮಾಡಲು ಜನವೂ ಇರುವುದಿಲ್ಲ. ನಮ್ಮಲ್ಲಿ ಡಿಸ್ಚಾರ್ಜ್ ಬಿಲ್ಲಿನ ಪ್ರಿಂಟೇ 41 ನಮೂನೆ ಇದೆ. ಒಂದರಲ್ಲಿ ಲೋಗೋ ಎರಡು ಮಿಲಿಮೀಟರ್ ಕೆಳಗೆ, ಅದಕ್ಕೊಂದು ಬೇರೆ ಫೈಲ್! 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಒಂದು ಸುತ್ತೋಲೆ ಹೊರಡಿಸಿತು. ಕ್ಯಾಶ್‌ಲೆಸ್‌ನಲ್ಲಿ ಆಸ್ಪತ್ರೆ ಡಿಸ್ಚಾರ್ಜ್ ಕೋರಿಕೆ ಕಳಿಸಿದ 3 ಗಂಟೆಯೊಳಗೆ ವಿಮಾ ಕಂಪನಿ ಕೊನೆಯ ಒಪ್ಪಿಗೆ ಕೊಡಬೇಕು. ಮನೆಯವರಿಗೆ ಒಳ್ಳೆಯದೇ. ಆದರೆ ಕೋರಿಕೆ ಯಾವಾಗ ಹೋಯಿತು, ಪ್ರಶ್ನೆ ಯಾವಾಗ ವಾಪಸ್ ಬಂತು ಎಂಬ ಸಮಯ ತೋರಿಸಿ ಎಂದು ಎಲ್ಲ ಆಸ್ಪತ್ರೆಯ ಟಿಪಿಎ ಡೆಸ್ಕೂ (ವಿಮೆಯ ಕಾಗದಪತ್ರ ನೋಡಿಕೊಳ್ಳುವ ಕೌಂಟರು) ಒಂದೇ ತಿಂಗಳಲ್ಲಿ ಕೇಳಿತು, ಒಂದೊಂದು ಒಂದೊಂದು ಥರ. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಭಾನುವಾರ ಅನ್ನುವುದೇ ಇರಲಿಲ್ಲ.

ರಾತ್ರಿಪಾಳಿ_ಮೈಸೂರು

ಮೇಡಂ ಹೇಳಿದ್ದು ಇಲ್ಲಿನ ಆಸ್ಪತ್ರೆಗಳ ಕಡೆಯ ಕಥೆ. ನಾನಿರುವುದು ಅಮೆರಿಕದ ಬಿಲ್ಲಿಂಗ್ ಕಡೆ. ಇಲ್ಲಿ ಸಿಸ್ಟರೂ ಕಾಣುವುದಿಲ್ಲ, ಮೊಣಕಾಲೂ ಕಾಣುವುದಿಲ್ಲ. 837 ಎಂದರೆ ಕಳಿಸಿದ ಕ್ಲೇಮು, 835 ಎಂದರೆ ಬಂದ ಉತ್ತರ, ಅಷ್ಟೇ ಪ್ರಪಂಚ. ಪ್ರತಿ ಅಕ್ಟೋಬರ್ 1ಕ್ಕೆ ಕಾಯಿಲೆ, ಗಾಯಗಳಿಗೆ ಕೊಡುವ ಐಸಿಡಿ-10 ಕೋಡು ಬದಲಾಗುತ್ತದೆ. ಬಾತುಕೋಳಿ ಬಡಿದರೂ ಅದಕ್ಕೊಂದು ಕೋಡಿದೆ, ಡಬ್ಲ್ಯು61.62, ಸುಳ್ಳಲ್ಲ.

2024ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ದೊಡ್ಡ ಕ್ಲಿಯರಿಂಗ್‌ಹೌಸ್ (ಕ್ಲೇಮುಗಳನ್ನು ವಿಮಾ ಕಂಪನಿಗಳಿಗೆ ತಲುಪಿಸುವ ಮಧ್ಯವರ್ತಿ) ಮೇಲೆ ರಾನ್ಸಮ್‌ವೇರ್ ದಾಳಿ ಆದಾಗ ನಮ್ಮ ಕ್ಲೇಮುಗಳೆಲ್ಲ ನಿಂತುಹೋದವು. ಸಣ್ಣ ಕ್ಲಿನಿಕ್ ನಡೆಸುವ ಡಾಕ್ಟರೊಬ್ಬರು ಫೋನಿನಲ್ಲಿ "ಶುಕ್ರವಾರ ಸಂಬಳ ಕೊಡಬೇಕು, ಏನು ಮಾಡಲಿ?" ಎಂದು ನನ್ನನ್ನು ಕೇಳಿದರು. ರಾತ್ರಿ ಎರಡು ಗಂಟೆಗೆ ಮೈಸೂರಿನಲ್ಲಿ ಕೂತು ನಾನೇನು ಹೇಳಲಿ? ದಾವಣಗೆರೆಯವರೇ, ನಿಮ್ಮ ಕಂಪನಿಗೆ ಅಮೆರಿಕದ ಗಿರಾಕಿ ಇದ್ದಾರಾ ಕೇಳಿಕೊಳ್ಳಿ. ಇದ್ದರೆ ನವೆಂಬರಿನಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ನಿಮ್ಮ ನಿದ್ದೆ ಇನ್ನೊಂದು ಗಂಟೆ ಮುಂದಕ್ಕೆ.

ದಾವಣಗೆರೆ_ಹುಡುಗ

ಇಬ್ಬರಿಗೂ ಥ್ಯಾಂಕ್ಸ್. ಲಕ್ಷ್ಮಮ್ಮನ ಕಥೆ ಓದಿ ಸ್ವಲ್ಪ ಭಯವೂ ಆಯಿತು, ಸೇರಬೇಕು ಅಂತಲೂ ಅನ್ನಿಸಿತು. ಹೂಂ ಅನ್ನುವ ಮೊದಲು ಅವರ ಹತ್ತಿರ ಏನು ಕೇಳಬೇಕು?

ಹಾಸನದ_ಫಿಲ್ಟರ್_ಕಾಫಿ

ಎಚ್‌ಆರ್‌ಗೆ ಕೇಳಿ ಪ್ರಯೋಜನವಿಲ್ಲ. ನಿಮ್ಮ ಮ್ಯಾನೇಜರ್ ಆಗುವವರನ್ನು ಕೇಳಿ. ಎಷ್ಟು ಆಸ್ಪತ್ರೆಗಳು ಒಂದೇ ವರ್ಷನ್ನಿನಲ್ಲಿವೆ? "ಹೆಚ್ಚುಕಮ್ಮಿ ಎಲ್ಲಾ" ಅಂದರೆ ಸರಿ. ನಗಾಡಿದರೆ ನಮ್ಮ ಥರ. ಆನ್-ಕಾಲ್, ಅಂದರೆ ಯಾವ ಹೊತ್ತಿಗೆ ಕರೆ ಬಂದರೂ ಎತ್ತಬೇಕಾದ ಸರದಿ, ಎಷ್ಟು ವಾರಕ್ಕೊಮ್ಮೆ ಬರುತ್ತದೆ ಕೇಳಿ. ನನಗೆ ಐದಕ್ಕೊಮ್ಮೆ, ತಡೆದುಕೊಳ್ಳಬಹುದು.

ಇನ್ನೊಂದು, ಇದನ್ನು ಮಾತ್ರ ಬಿಡಬೇಡಿ: ಟೆಸ್ಟಿಂಗಿಗೆ ಬಳಸುವ ಡೇಟಾ ಎಲ್ಲಿಯದು? ಆಸ್ಪತ್ರೆಯ ನಿಜವಾದ ಡೇಟಾಬೇಸಿನ ಕಾಪಿಯನ್ನು ಹೆಸರು, ಫೋನ್ ನಂಬರ್ ಸಮೇತ ಡೆವಲಪರ್ ಲ್ಯಾಪ್‌ಟಾಪಿಗೆ ಹಾಕಿಕೊಳ್ಳುತ್ತಾರೆ ಅಂದರೆ ಹೋಗಬೇಡಿ. ನಿಮ್ಮ ಚಿಕ್ಕಮ್ಮನ ರಿಪೋರ್ಟು ಪಕ್ಕದ ಸೀಟಿನವನ ಸ್ಕ್ರೀನ್ ಮೇಲೆ ಬಂದ ದಿನ ಗೊತ್ತಾಗುತ್ತದೆ. ನನಗೆ ಹಾಗೇ ಗೊತ್ತಾಗಿದ್ದು, ಬೇರೆ ಕಡೆ.

ದಾವಣಗೆರೆ_ಹುಡುಗ

ಸರಿ ಮೇಡಂ, ಸೋಮವಾರ ಫೋನ್ ಮಾಡುತ್ತೇನೆ. ನನ್ನ ನೋಟಿಸ್ ಪೀರಿಯಡ್ 90 ದಿನ, ಅವರಿಗೆ 30 ದಿನದಲ್ಲಿ ಬೇಕಂತೆ. ಅದಕ್ಕೆ ಇನ್ನೊಂದು ಪ್ರಶ್ನೆ ಹಾಕಬೇಕು.